‘ಏನಿಲ್ಲ, ಸುಮ್ನೆ ಮಾಡ್ದೆ’ ಅಂತ ಫೋನ್ ಮಾಡೋರು ನಿಮಗೆ ಇನ್ನೂ ಇದ್ದಾರಾ?

ಸಂಜೆಮಲ್ಲಿಗೆ | ಭಾನುವಾರ ರಾತ್ರಿ 9:40

ಅಪ್ಪ ದಿನಾ ಸಂಜೆ ಏಳೂವರೆಗೆ ಫೋನ್ ಮಾಡುತ್ತಿದ್ದರು. ಎತ್ತಿ "ಏನಪ್ಪಾ?" ಅಂದರೆ ಆ ಕಡೆಯಿಂದ ಯಾವಾಗಲೂ ಒಂದೇ ಮಾತು. "ಏನಿಲ್ಲ, ಸುಮ್ನೆ ಮಾಡ್ದೆ." ಆಮೇಲೆ "ಮನೆಗೆ ಹೊರಟ್ಯಾ?", "ಮಳೆ ಬಂತಾ ಅಲ್ಲಿ?" ಅಷ್ಟೇ. ಎರಡು ನಿಮಿಷವೂ ಆಗುತ್ತಿರಲಿಲ್ಲ.

ನನಗೆ ಆಗ ಅದು ಕಿರಿಕಿರಿ. ಕೆಲಸ ಮುಗಿಸಿ ಹೊರಡುವ ಹೊತ್ತು ಅದು. ಫೋನನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು, ಬ್ಯಾಗಿನ ಜಿಪ್ ಎಳೆಯುತ್ತಾ "ಹೂಂ, ಹೂಂ" ಅನ್ನುತ್ತಿದ್ದೆ. "ಆಮೇಲೆ ಮಾಡ್ತೀನಪ್ಪ" ಅಂತ ಇಟ್ಟುಬಿಡುತ್ತಿದ್ದೆ. ಆಮೇಲೆ ಮಾಡುತ್ತಿರಲಿಲ್ಲ.

ಒಂದು ಸಲ ರಜೆಯಲ್ಲಿ ನಾನೇ ಅವರ ಫೋನಿಗೆ ವಾಟ್ಸಾಪ್ ಹಾಕಿಕೊಟ್ಟೆ. ಪಕ್ಕದಲ್ಲಿ ಕೂತು ಕಲಿಸಿದೆ. "ಇನ್ಮೇಲೆ ಏನಿದ್ರೂ ಇದ್ರಲ್ಲೇ ಹಾಕಪ್ಪ, ಬಿಡುವಾದಾಗ ನೋಡ್ತೀನಿ" ಅಂದೆ. ಅವರು ಚೆನ್ನಾಗಿ ಕಲಿತರು. ಒಂದೇ ಬೆರಳಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ಏಳೂವರೆಯ ಫೋನ್ ಮೊದಲು ದಿನ ಬಿಟ್ಟು ದಿನ ಆಯಿತು. ಆಮೇಲೆ ವಾರಕ್ಕೊಂದು. ಕೊನೆಕೊನೆಗೆ ಬೆಳಗಿನ ಹೂವಿನ ಚಿತ್ರ ಮಾತ್ರ. ನಾನು ಅದಕ್ಕೊಂದು ಹೆಬ್ಬೆರಳು ಹಾಕಿ ಸುಮ್ಮನಾಗುತ್ತಿದ್ದೆ.

ಅಪ್ಪ ಹೋಗಿ ಎರಡು ವರ್ಷ ಆಯಿತು. ಫೋನ್ ತುಂಬಾ ಅವರ ಹೂವಿನ ಚಿತ್ರಗಳು. ದನಿ ಇರುವುದು ಒಂದೇ ಒಂದು ಕಡೆ. 19 ಸೆಕೆಂಡು. ಅದೂ ಕೈತಪ್ಪಿ ಮೈಕ್ ಬಟನ್ ಒತ್ತಿದ್ದು. ಮೊದಲು ಫ್ಯಾನಿನ ಸದ್ದು. ಕುರ್ಚಿ ಎಳೆದದ್ದು. ಒಂದು ಕೆಮ್ಮು. "ಇದ್ಯಾಕೋ ಕೆಂಪಗಾಯ್ತಲ್ಲ" ಅಂತ ತಮಗೆ ತಾವೇ ಹೇಳಿಕೊಳ್ಳುವುದು. ಕೊನೆಯಲ್ಲಿ ಏನೋ ಗುಜುಗುಜು. ನನಗೆ ಅಂತ ಹೇಳಿದ ಒಂದು ಮಾತೂ ಅದರಲ್ಲಿಲ್ಲ. ಆದರೂ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೊನ್ನೆ ಹಳೇ ಗೆಳತಿಯ ಹತ್ತಿರ ಮಾತಾಡಬೇಕು ಅನಿಸಿತು. ಮೊದಲು "ಕಾಲ್ ಮಾಡ್ಲಾ? ಫ್ರೀ ಇದೀಯಾ?" ಅಂತ ಮೆಸೇಜ್ ಹಾಕಿದೆ. ಅವಳು ಗಾಬರಿಯಿಂದ "ಯಾಕೆ, ಏನಾಯ್ತು? ಎಲ್ಲಾ ಸರಿ ಇದೆ ತಾನೇ?" ಅಂತ ಬರೆದಳು. "ಸುಮ್ನೆ" ಅಂತ ಬರೆಯೋಕೆ ನನಗೇ ಒಂಥರಾ ಸಂಕೋಚ ಆಯಿತು. ಏನೋ ಒಂದು ಕೆಲಸದ ನೆಪ ಹೇಳಿದೆ. ಇಪ್ಪತ್ತು ವರ್ಷದ ಗೆಳತಿಗೆ ನೆಪ! ಫೋನ್ ಮಾಡೋಕೆ ಕಾರಣ ಬೇಕು ಅಂತ ಯಾವಾಗಿನಿಂದ ಆಯಿತು? ನಿಮಗೂ ಹೀಗಾಗಿದೆಯಾ?

ನೀಲಿಟಿಕ್ | ಭಾನುವಾರ ರಾತ್ರಿ 10:15

ಅಕ್ಕ, ಓದಿ ಕಣ್ಣು ತುಂಬಿ ಬಂತು. ಆದರೆ ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು ಅನಿಸುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 23 ವರ್ಷ. 2014ರಲ್ಲಿ ನೀಲಿ ಟಿಕ್ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಫೋನ್ ಇದ್ದಕ್ಕಿದ್ದ ಹಾಗೆ ರಿಂಗ್ ಆದರೆ ನನಗೆ ಎದೆ ಢವಢವ ಅನ್ನುತ್ತೆ. ನಮ್ಮ ಪ್ರಕಾರ ಹೇಳದೆ ಕೇಳದೆ ಫೋನ್ ಮಾಡುವುದು ಅಂದರೆ ಬಾಗಿಲು ತಟ್ಟದೆ ರೂಮಿಗೆ ನುಗ್ಗಿದ ಹಾಗೆ. "ಕಾಲ್ ಮಾಡ್ಲಾ?" ಅಂತ ಕೇಳುವುದು ದೂರ ಇಡೋಕಲ್ಲ, ಮರ್ಯಾದೆಗೆ. ಆ ಕಡೆಯವರು ಅಳುತ್ತಿರಬಹುದು, ಮಗು ಮಲಗಿಸುತ್ತಿರಬಹುದು.

ಇನ್ನೊಂದು. ಹೋದ ವರ್ಷ ನಾನು ತುಂಬಾ ಕುಸಿದುಹೋಗಿದ್ದೆ. ರಾತ್ರಿ ಎರಡು ಗಂಟೆಗೆ ಬಾಯಲ್ಲಿ ಮಾತೇ ಹೊರಡುತ್ತಿರಲಿಲ್ಲ. ಟೈಪ್ ಮಾಡೋಕೆ ಮಾತ್ರ ಆಗುತ್ತಿತ್ತು. ಗೆಳೆಯನೊಬ್ಬ ಬೆಳಗಿನ ಐದರವರೆಗೆ ಉತ್ತರ ಬರೆಯುತ್ತಾ ಕೂತಿದ್ದ. "ಇದೀನಿ", "ಇದೀನಿ", "ಇಲ್ಲೇ ಇದೀನಿ" ಅಂತ. ಆ ಮೆಸೇಜುಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನನಗೆ ಅದೂ ದನಿಯೇ.

ಹಳೇತಂತಿ | ಸೋಮವಾರ ಬೆಳಿಗ್ಗೆ 6:20

ನಾನು 34 ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವನು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಜನರನ್ನು ನೋಡಿದ್ದೇನೆ. ಅಷ್ಟು ಹೊತ್ತು ಕಾದು, ಲೈನ್ ಸಿಕ್ಕ ಮೇಲೆ ಎಷ್ಟೋ ಜನ ಮೊದಲ ಅರ್ಧ ನಿಮಿಷ "ಹಲೋ, ಹಲೋ, ಕೇಳಿಸ್ತಾ ಇದ್ಯಾ?" ಅನ್ನುವುದರಲ್ಲೇ ಕಳೆಯುತ್ತಿದ್ದರು. ಅದು ದಂಡವಾದ ಸಮಯ ಅಂತ ನನಗೆ ಯಾವತ್ತೂ ಅನಿಸಿಲ್ಲ.

ನಿಮ್ಮ ತಂದೆಯವರ ದನಿಯ ವಿಷಯ ಓದಿ ಒಂದು ಮಾತು ಹೇಳಬೇಕು ಅನಿಸಿತು. ಹಳೇ ಟೆಲಿಫೋನ್ ಲೈನಿನಲ್ಲಿ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಸದ್ದು ಮಾತ್ರ ಹೋಗುತ್ತಿತ್ತು. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅದು ಕಡಿಮೆ ಇದ್ದಷ್ಟು ದನಿ ದಪ್ಪ. ಗಂಡಸರ ದನಿಯ ಬುಡ ಇರುವುದು ಸಾಮಾನ್ಯವಾಗಿ 100–150 ಹರ್ಟ್ಜ್ ಆಸುಪಾಸಿನಲ್ಲಿ. ಅಂದರೆ ದನಿಯ ಬುಡವೇ ತಂತಿಯಲ್ಲಿ ಬರುತ್ತಿರಲಿಲ್ಲ. ಮೇಲಿನ ಎಳೆಗಳು ಮಾತ್ರ ಬರುತ್ತಿದ್ದವು. ಅಷ್ಟರಿಂದಲೇ ನಮ್ಮ ಮಿದುಳು ಕೆಳಗಿನದ್ದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಇದು ಕಲ್ಪನೆಯಲ್ಲ, ಕಿವಿ ಕೆಲಸ ಮಾಡುವ ರೀತಿಯೇ ಹಾಗೆ. ಹಳೇ ಫೋನಿನಲ್ಲಿ ಅಪ್ಪನ ದನಿ ಕೇಳುತ್ತಿದ್ದಾಗ ಅದರ ಅರ್ಧ ಕೆಲಸ ನೀವೇ ಮಾಡುತ್ತಿದ್ದಿರಿ.

ಇನ್ನೊಂದು ಸಂಗತಿ, ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾಗಿದ್ದು. ಡಿಜಿಟಲ್ ಫೋನ್ ಬಂದ ಮೇಲೆ, ಯಾರೂ ಮಾತಾಡದೆ ಇರುವ ಹೊತ್ತಿನಲ್ಲಿ ಲೈನ್ ಪೂರ್ತಿ ನಿಶ್ಶಬ್ದ ಆಗಿಬಿಡುತ್ತಿತ್ತು. ಜನ ಕಟ್ ಆಯಿತು ಅಂತ ಇಟ್ಟುಬಿಡುತ್ತಿದ್ದರು. ಅದಕ್ಕೆ ಬೇಕಂತಲೇ ಒಂದು ಸಣ್ಣ ‘ಸ್ಸ್’ ಅನ್ನುವ ಸದ್ದನ್ನು ಸೇರಿಸುತ್ತಾರೆ. ಕಂಫರ್ಟ್ ನಾಯ್ಸ್ ಅಂತ ಅದರ ಹೆಸರು. ಆ ಕಡೆ ಯಾರೋ ಸುಮ್ಮನೆ ಇದ್ದಾರೆ, ಹೋಗಿಲ್ಲ ಅಂತ ತಿಳಿಯಲಿ ಅಂತ. ಬರೀ ಅಷ್ಟಕ್ಕೇ.

ನೀಲಿಟಿಕ್ ಅವರ ಗೆಳೆಯ ಬರೆದ "ಇದೀನಿ", "ಇದೀನಿ" ಓದಿದಾಗ ನನಗೆ ನೆನಪಾಗಿದ್ದು ಅದೇ ಸದ್ದು.

ತುಟಿಓದುವವಳು | ಸೋಮವಾರ ಬೆಳಿಗ್ಗೆ 8:05

ನನಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆದ್ದರಿಂದ ಫೋನ್ ಮೇಲಿನ ಈ ಪ್ರೀತಿ ನನಗೆ ಕಿಟಕಿಯ ಆಚೆ ಕಾಣುವ ಮನೆಯ ಹಾಗೆ. ದೀಪ ಕಾಣುತ್ತೆ, ಒಳಗೆ ಹೋಗೋಕೆ ಆಗಲ್ಲ.

ಟೆಲಿಫೋನಿನ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರ ಹೆಂಡತಿ ಮೇಬಲ್‌ಗೂ ಚಿಕ್ಕಂದಿನಲ್ಲಿ ಕಾಯಿಲೆ ಬಂದು ಶ್ರವಣ ಹೋಗಿತ್ತು. 1876ರಲ್ಲಿ ಇಡೀ ಜಗತ್ತಿಗೆ ದೂರದಿಂದ ಮಾತಾಡುವ ದಾರಿ ಮಾಡಿಕೊಟ್ಟ ಮನುಷ್ಯ, ಅದೇ ಫೋನಿನಲ್ಲಿ ತನ್ನ ಅಮ್ಮನ ಜೊತೆ, ಹೆಂಡತಿಯ ಜೊತೆ ಮಾತಾಡುವ ಹಾಗಿರಲಿಲ್ಲ. ಇದನ್ನು ಮೊದಲ ಸಲ ಓದಿದಾಗ ಎಷ್ಟೋ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ.

ಮೊದಲ ಎಸ್ಸೆಮ್ಮೆಸ್ ಹೋಗಿದ್ದು 1992ರ ಡಿಸೆಂಬರ್ 3ರಂದು. ಅಲ್ಲಿಂದ ಕೆಲವು ವರ್ಷಗಳಲ್ಲಿ ಅದು ಎಲ್ಲರ ಕೈಗೆ ಬಂತು. ಅದಕ್ಕೆ ಮುಂಚೆ ನನಗೆ ಬರುವ ಸುದ್ದಿಯೆಲ್ಲ ಯಾರೋ ಫೋನ್ ಎತ್ತಿ ಕೇಳಿ, ನನಗೆ ಎರಡು ಪದದಲ್ಲಿ ಹೇಳಿದ್ದು. ಅಕ್ಕ ಅರ್ಧ ಗಂಟೆ ಫೋನಿನಲ್ಲಿ ನಗುತ್ತಾ ಮಾತಾಡಿ, ಇಟ್ಟ ಮೇಲೆ ನನ್ನ ಕಡೆ ತಿರುಗಿ "ಚೆನ್ನಾಗಿದಾರಂತೆ" ಅನ್ನುತ್ತಿದ್ದಳು. ಅರ್ಧ ಗಂಟೆಗೆ ಒಂದು ಪದ. ಮೆಸೇಜ್ ಬಂದ ಮೇಲೆ ನನಗೂ ನೇರವಾಗಿ ಸುದ್ದಿ ಬರತೊಡಗಿತು. ‘ಮೆಸೇಜ್ ಬಂದು ಸಂಬಂಧ ಹಾಳಾಯ್ತು’ ಅನ್ನುವ ಮಾತನ್ನು ದಯವಿಟ್ಟು ಸ್ವಲ್ಪ ನೋಡಿ ಆಡಿ. ನಮ್ಮಂಥವರಿಗೆ ಸಂಬಂಧ ಶುರುವಾಗಿದ್ದೇ ಅಲ್ಲಿಂದ.

ನನಗೆ ‘ಸುಮ್ನೆ’ ಅಂತ ಬರುವುದು ಅಕ್ಕನ ವಿಡಿಯೋ ಕಾಲ್. ಅವಳು ಸನ್ನೆಯಲ್ಲಿ ಏನೂ ಹೇಳುವುದಿಲ್ಲ. ಮುಖ ತೋರಿಸುತ್ತಾಳೆ. ನಾನೂ ತೋರಿಸುತ್ತೇನೆ.

ಸಂಜೆಮಲ್ಲಿಗೆ | ಸೋಮವಾರ ಸಂಜೆ 7:55

ಎಲ್ಲರಿಗೂ ಇವತ್ತು ಮಧ್ಯಾಹ್ನವೇ ಉತ್ತರ ಬರೆಯಬೇಕು ಅಂದುಕೊಂಡೆ. ಆಗಲಿಲ್ಲ. ಮತ್ತೆ ಮತ್ತೆ ಓದುತ್ತಿದ್ದೆ.

ತುಟಿಓದುವವಳು, ನೀವು ಹೇಳಿದ್ದು ಸರಿ. ನಾನು ಮೆಸೇಜನ್ನು ದೂರಿದ ಹಾಗೆ ಬರೆದಿದ್ದೆ. ತಪ್ಪು ಮೆಸೇಜಿನದ್ದಲ್ಲ. ಅಪ್ಪನನ್ನು ಆಮೇಲೆ ನೋಡಿಕೊಂಡರಾಯಿತು ಅಂತ ಪಕ್ಕಕ್ಕಿಡೋಕೆ ನಾನು ಅದನ್ನು ಬಳಸಿದೆ. ನೀಲಿಟಿಕ್, ನಿಮ್ಮ ಗೆಳೆಯ ಮೆಸೇಜಿನಲ್ಲೇ ಬೆಳಗಿನವರೆಗೆ ಕೂತ. ನಾನು ಫೋನಿನಲ್ಲೇ ಎರಡು ನಿಮಿಷ ಕೂರಲಿಲ್ಲ. ಯಾವುದರಲ್ಲಿ ಅನ್ನುವುದಲ್ಲ ವಿಷಯ, ಅಲ್ವಾ.

ಹಳೇತಂತಿ ಸರ್, ಅಪ್ಪನ ದನಿಯ ಅರ್ಧ ನಾನೇ ತುಂಬುತ್ತಿದ್ದೆ ಅಂದಿರಿ. ಆ ಸಾಲನ್ನು ಅಮ್ಮನಿಗೆ ಓದಿ ಹೇಳಿದೆ. "ಹೌದಾ?" ಅಂದು ಸುಮ್ಮನಾದರು.

ಹೊಸಿಲು | ಸೋಮವಾರ ರಾತ್ರಿ 9:30

ಎಲ್ಲರ ಅಪ್ಪನೂ ಸುಮ್ನೆ ಫೋನ್ ಮಾಡುವುದಿಲ್ಲ. ನನ್ನ ಅಪ್ಪ ಫೋನ್ ಮಾಡುತ್ತಿದ್ದದ್ದು ಬೈಯೋಕೆ. ಸ್ಕ್ರೀನ್ ಮೇಲೆ ಹೆಸರು ಕಂಡರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತೆ ಆಗುತ್ತಿತ್ತು. ಕೊನೆಗೆ ಅವರ ನಂಬರಿಗೆ ಮಾತ್ರ ರಿಂಗ್ ಬಂದ್ ಮಾಡಿಟ್ಟೆ. ಈಗ ಅವರು ಮೆಸೇಜ್ ಹಾಕುತ್ತಾರೆ, ನಾನು ಧೈರ್ಯ ಇದ್ದ ದಿನ ತೆಗೆದು ನೋಡುತ್ತೇನೆ. ಈಚೆಗೆ ಸ್ವಲ್ಪ ಮೆತ್ತಗಾಗಿದ್ದಾರೆ. ಬರೆಯುವಾಗ ಮನುಷ್ಯ ಎರಡು ಸಲ ಯೋಚಿಸುತ್ತಾನೆ ಅನಿಸುತ್ತೆ. ನಮ್ಮಿಬ್ಬರ ನಡುವೆ ಈಗ ಉಳಿದಿರುವಷ್ಟು ಸಂಬಂಧ ಉಳಿದಿದ್ದೇ ಫೋನ್ ನಿಲ್ಲಿಸಿದ್ದರಿಂದ. ಇದನ್ನೂ ಇಲ್ಲಿ ಯಾರಾದರೂ ಹೇಳಬೇಕಿತ್ತು ಅಂತ ಬರೆದೆ.

ಸಂಜೆಮಲ್ಲಿಗೆ | ಸೋಮವಾರ ರಾತ್ರಿ 9:48

ಹೊಸಿಲು, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಧೈರ್ಯ ಇಲ್ಲದ ದಿನ ತೆಗೆಯಬೇಡಿ.

ಪುಟ್ಟಕಿಟಕಿ | ಮಂಗಳವಾರ ಬೆಳಿಗ್ಗೆ 11:10

ನಾನು ಓದಿದ ಎರಡು ಸಂಶೋಧನೆಗಳ ವಿಷಯ ಹೇಳುತ್ತೇನೆ. ಎರಡೂ ಇಲ್ಲಿಯ ಮಾತಿಗೆ ತುಂಬಾ ಹತ್ತಿರ.

ಒಂದು, ಲೆಸ್ಲಿ ಸೆಲ್ಟ್ಜರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ್ದು. ಏಳರಿಂದ ಹನ್ನೆರಡು ವರ್ಷದ ಹುಡುಗಿಯರಿಗೆ ಅಪರಿಚಿತರ ಮುಂದೆ ಭಾಷಣ ಮಾಡಿಸಿ, ಲೆಕ್ಕ ಬಿಡಿಸಲು ಹೇಳಿ ಸ್ವಲ್ಪ ಒತ್ತಡ ಕೊಟ್ಟರು. ಆಮೇಲೆ ಕೆಲವರಿಗೆ ಅಮ್ಮ ಎದುರಿಗೆ ಸಿಕ್ಕರು. ಕೆಲವರಿಗೆ ಫೋನಿನಲ್ಲಿ. ಕೆಲವರಿಗೆ ಮೆಸೇಜಿನಲ್ಲಿ ಮಾತ್ರ. ಕೆಲವರಿಗೆ ಇಲ್ಲವೇ ಇಲ್ಲ. ಅಮ್ಮನ ದನಿ ಕೇಳಿದ ಮಕ್ಕಳಲ್ಲಿ ಒತ್ತಡದ ಹಾರ್ಮೋನು ಇಳಿಯಿತು, ಹತ್ತಿರದವರ ಜೊತೆ ನಂಟು ಬೆಸೆಯುವ ಹಾರ್ಮೋನು ಆಕ್ಸಿಟೋಸಿನ್ ಏರಿತು. ಫೋನಿನಲ್ಲಿ ಕೇಳಿದರೂ ಹಾಗೇ ಆಯಿತು. ಮೆಸೇಜ್ ಮಾತ್ರ ಸಿಕ್ಕ ಮಕ್ಕಳ ಮೈ, ಅಮ್ಮ ಸಿಗದೇ ಇದ್ದ ಮಕ್ಕಳ ಮೈಯಂತೆಯೇ ಇತ್ತು. ಮಾತು ಅದೇ, ಅಮ್ಮನೂ ಅದೇ. ಇದು ಸಣ್ಣ ಪ್ರಯೋಗ, ಚಿಕ್ಕ ಹುಡುಗಿಯರದ್ದು ಮಾತ್ರ. ನೀಲಿಟಿಕ್ ಅವರಿಗೋ, ತುಟಿಓದುವವಳು ಅವರಿಗೋ ಇದನ್ನು ಹಾಗೇ ಅನ್ವಯಿಸೋಕೆ ಆಗಲ್ಲ.

ಇನ್ನೊಂದು, ಸಂಜೆಮಲ್ಲಿಗೆಯವರ ಗೆಳತಿಯ ಕಥೆಗೆ ಸರಿಯಾಗಿ ಹೊಂದುತ್ತೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅಂತ ಇಬ್ಬರು, 2021ರಲ್ಲಿ ಪ್ರಕಟವಾಗಿದ್ದು. ಹಳೇ ಗೆಳೆಯರನ್ನು ಮತ್ತೆ ಮಾತಾಡಿಸಲು ಜನರಿಗೆ ಹೇಳಿದರು. ಫೋನ್ ಮಾಡಿದರೆ ಮುಜುಗರ ಆಗುತ್ತೆ, ಇಮೇಲೇ ವಾಸಿ ಅಂತ ಜನ ಮೊದಲೇ ಅಂದುಕೊಂಡಿದ್ದರು. ಆಮೇಲೆ ಯಾರು ಫೋನ್ ಮಾಡಬೇಕು, ಯಾರು ಬರೆಯಬೇಕು ಅನ್ನುವುದನ್ನು ಸಂಶೋಧಕರೇ ಹಂಚಿದರು. ಫೋನ್ ಮಾಡಿದವರಿಗೆ ಮುಜುಗರ ಏನೂ ಜಾಸ್ತಿ ಆಗಲಿಲ್ಲ. ಬರೆದವರಿಗಿಂತ ಹೆಚ್ಚು ಹತ್ತಿರ ಅನಿಸಿತ್ತು.

ನನಗಂತೂ ಇದು ನಿಜ ಅನಿಸುತ್ತೆ. ಡಯಲ್ ಮಾಡುವ ಮುಂಚಿನ ಆ ಹತ್ತು ಸೆಕೆಂಡು ಇದೆಯಲ್ಲ, ಅದೇ ಕಷ್ಟ.

ಕಡಲಾಚೆ | ಮಂಗಳವಾರ ಮಧ್ಯಾಹ್ನ 2:40

ನನ್ನ ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಮಾತೆಲ್ಲ ಸ್ಯಾಟಲೈಟ್ ಫೋನಿನಲ್ಲೇ. ನಾನು ಏನಾದರೂ ಕೇಳುವುದು, ಆ ಕಡೆ ಒಂದು ಸಣ್ಣ ಮೌನ, ಆಮೇಲೆ ಉತ್ತರ. "ನನ್ನ ನೆನಪಾಗುತ್ತಾ?" ಅಂತ ಕೇಳಿದರೆ ಮೌನ. ಆಮೇಲೆ "ಆಗುತ್ತೆ". ಆ ಮೌನ ನನ್ನನ್ನು ತಿಂದುಹಾಕುತ್ತಿತ್ತು. ಇವರು ಯೋಚಿಸಿ ಹೇಳುತ್ತಿದ್ದಾರೆ, ಮನಸ್ಸಿನಿಂದ ಬರುತ್ತಿಲ್ಲ ಅಂತ ಎಷ್ಟು ರಾತ್ರಿ ಅತ್ತಿದ್ದೇನೆ. ಒಂದು ಸಲ ದೊಡ್ಡ ಜಗಳವೇ ಆಯಿತು. ಜಗಳದಲ್ಲೂ ಅದೇ ಮೌನ.

ಅವರು ರಜೆಗೆ ಬಂದಾಗ ಒಂದು ಹಾಳೆಯಲ್ಲಿ ಗೋಲ ಬರೆದು ತೋರಿಸಿದರು. ಆ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಮಾತು ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡು. ಉತ್ತರ ಬರಲು ಇನ್ನೊಂದು ಕಾಲು. ಬೆಳಕಿನ ವೇಗದಲ್ಲಿ ಹೋದರೂ ಅಷ್ಟು ಬೇಕೇ ಬೇಕು. ಎದುರಿಗೆ ಕೂತು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದ್ದು ಶುರುವಾಗುವ ನಡುವೆ ಸಾಮಾನ್ಯವಾಗಿ ಸೆಕೆಂಡಿನ ಐದರಲ್ಲೊಂದು ಭಾಗ ಮಾತ್ರ ಇರುತ್ತೆ ಅಂತ ಆಮೇಲೆ ಓದಿದೆ. 2009ರಲ್ಲಿ ಹತ್ತು ಭಾಷೆಗಳನ್ನು ನೋಡಿ ಕಂಡುಕೊಂಡದ್ದು ಅದು. ಆ ಲೆಕ್ಕ ನಮ್ಮ ಮೈಗೆ ಅಭ್ಯಾಸ ಆಗಿಬಿಟ್ಟಿದೆ. ಸ್ವಲ್ಪ ತಡವಾದರೂ ಮನಸ್ಸು ಕೆಟ್ಟದ್ದನ್ನೇ ಯೋಚಿಸುತ್ತೆ.

ನಾನು ಅಷ್ಟು ಅತ್ತಿದ್ದು ಆಕಾಶದ ದೂರಕ್ಕೆ. ಅವರ ಮನಸ್ಸಿಗಲ್ಲ.

ಆಮೇಲೆ ನಾವಿಬ್ಬರೂ ಒಂದು ಮಾತು ಮುಗಿದ ಮೇಲೆ "ಆಯ್ತು" ಅನ್ನುವುದು ಅಂತ ಮಾಡಿಕೊಂಡೆವು. "ಮಗಳಿಗೆ ಹಲ್ಲು ಬಂತು, ಆಯ್ತು." "ಇಲ್ಲಿ ಅಲೆ ಜಾಸ್ತಿ, ಆಯ್ತು." ಈಗ ಅವರು ಕೆಲಸ ಬಿಟ್ಟು ಮನೆಯಲ್ಲೇ ಇದ್ದಾರೆ. ಪಕ್ಕದಲ್ಲೇ ಕೂತು ಮಾತಾಡುವಾಗಲೂ ಕೆಲವೊಮ್ಮೆ ಕೊನೆಯಲ್ಲಿ ‘ಆಯ್ತು’ ಅನ್ನುತ್ತಾರೆ.

ಬೆಳಗಿನಬಸ್ | ಮಂಗಳವಾರ ರಾತ್ರಿ 8:02

ಇದನ್ನೆಲ್ಲ ಓದಿ ಅಮ್ಮನಿಗೆ ಫೋನ್ ಮಾಡಿದೆ. 4 ನಿಮಿಷ 12 ಸೆಕೆಂಡು. ವಿಷಯ ಏನೂ ಇರಲಿಲ್ಲ.

ಒದ್ದೆಕೊಡೆ | ಮಂಗಳವಾರ ರಾತ್ರಿ 10:20

ಸಂಜೆಮಲ್ಲಿಗೆ, ಆ 19 ಸೆಕೆಂಡು ಫೋನಿನಲ್ಲಿ ಮಾತ್ರ ಇದ್ದರೆ ದಯವಿಟ್ಟು ಇವತ್ತೇ ಇನ್ನೊಂದು ಕಡೆ ತೆಗೆದಿಡಿ. ನನ್ನ ತಮ್ಮನ ದನಿ ಹೀಗೇ ಹೋಯಿತು. ಫೋನಿನ ಸ್ಕ್ರೀನ್ ಒಡೆದಿತ್ತು ಅಂತ ರಿಪೇರಿಗೆ ಕೊಟ್ಟೆ. ಅವರು ಎಲ್ಲ ಅಳಿಸಿ, ಹೊಸದರಂತೆ ಮಾಡಿಕೊಟ್ಟರು. ಸ್ಕ್ರೀನ್ ಪಳಪಳ ಹೊಳೆಯುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ತಮ್ಮ ಆಸ್ಪತ್ರೆಯಿಂದ ಕಳಿಸಿದ್ದ ಏಳು ಆಡಿಯೋ ಅದರಲ್ಲಿದ್ದವು.

ಲಂಡನ್ನಿನ ಒಂದು ಕಥೆ ಗೊತ್ತಿರಬಹುದು. ಅಲ್ಲಿಯ ಎಂಬ್ಯಾಂಕ್‌ಮೆಂಟ್ ಅನ್ನುವ ಸುರಂಗ ರೈಲು ನಿಲ್ದಾಣದಲ್ಲಿ, ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವಿನ ಸಂದು ನೋಡಿಕೊಂಡು ಹತ್ತಿ ಅಂತ ಹೇಳುವ ದನಿ ಆಸ್ವಾಲ್ಡ್ ಲಾರೆನ್ಸ್ ಎಂಬ ನಟರದ್ದು. ಅವರು 2007ರಲ್ಲಿ ತೀರಿಕೊಂಡರು. ಅವರ ಹೆಂಡತಿ ಆ ನಿಲ್ದಾಣಕ್ಕೆ ಹೋಗಿ, ರೈಲು ಬಿಟ್ಟು, ಆ ದನಿ ಕೇಳೋಕೆ ಅಂತಲೇ ಕೂರುತ್ತಿದ್ದರು. 2012ರಲ್ಲಿ ಹೊಸ ವ್ಯವಸ್ಥೆ ಬಂದು ದನಿ ಬದಲಾಯಿತು. ಅವರು ರೈಲಿನವರನ್ನು ಕೇಳಿಕೊಂಡರು. ರೈಲಿನವರು ಹಳೇ ರೆಕಾರ್ಡಿಂಗ್ ಹುಡುಕಿ ಅವರಿಗೆ ಕೊಟ್ಟರು. 2013ರಲ್ಲಿ ಅದೇ ನಿಲ್ದಾಣದಲ್ಲಿ ಅದನ್ನು ಮತ್ತೆ ಹಾಕಿದರು.

ಆ ಮಾತೂ ಹೆಂಡತಿಗೆ ಹೇಳಿದ್ದಲ್ಲ. ಯಾರಿಗೋ ಹೇಳಿದ್ದು. ನಿಮ್ಮಪ್ಪನ 19 ಸೆಕೆಂಡಿನ ಹಾಗೇ.

ಹಳೇತಂತಿ | ಬುಧವಾರ ಬೆಳಿಗ್ಗೆ 6:05

ಒದ್ದೆಕೊಡೆಯವರೇ, ಓದಿ ತುಂಬಾ ನೋವಾಯಿತು.

ಸಂಜೆಮಲ್ಲಿಗೆಯವರೇ, ಅವರು ಹೇಳಿದ ಹಾಗೆ ಮಾಡಿ. ವಾಟ್ಸಾಪ್ ದನಿಗಳು ಓಪಸ್ ಅನ್ನುವ ಬಗೆಯ ಫೈಲಾಗಿ ಉಳಿಯುತ್ತವೆ. ಆ ಮೆಸೇಜನ್ನು ಒತ್ತಿ ಹಿಡಿದು, ಶೇರ್ ಒತ್ತಿ, ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಒಂದು ಪೆನ್‌ಡ್ರೈವಿನಲ್ಲೂ ಇರಲಿ. ಎರಡು ಕಡೆ ಇಲ್ಲದ್ದು ಇಲ್ಲದ ಲೆಕ್ಕವೇ.

ಮತ್ತೊಂದು. ನೀವು ಇಷ್ಟು ದಿನ ಅದನ್ನು ಫೋನಿನ ಸ್ಪೀಕರಿನಲ್ಲೇ ಕೇಳಿದ್ದರೆ, ಒಂದು ಸಲ ಒಳ್ಳೇ ಹೆಡ್‌ಫೋನ್ ಹಾಕಿ ಕೇಳಿ. ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ಸದ್ದು ಹೊರಡಿಸಲು ಆಗುವುದಿಲ್ಲ. ಆದರೆ ಫೈಲಿನಲ್ಲಿ ಅದು ಇರುತ್ತೆ. ಹಳೇ ತಂತಿಯಲ್ಲಿ ಬರದೇ ಇದ್ದ ದನಿಯ ಬುಡ ನಿಮಗೆ ಇದರಲ್ಲಿ ಸಿಗಬಹುದು.

ಸಂಜೆಮಲ್ಲಿಗೆ | ಬುಧವಾರ ರಾತ್ರಿ 11:30

ಸರ್, ನೀವು ಹೇಳಿದ ಹಾಗೇ ಮಾಡಿದೆ. ಎರಡು ಕಡೆ ಇಟ್ಟೆ. ಆಮೇಲೆ ಹೆಡ್‌ಫೋನ್ ಹಾಕಿ, ಲೈಟ್ ಆರಿಸಿ ಕೇಳಿದೆ.

ಅಪ್ಪನ ದನಿ ಇಷ್ಟು ದಪ್ಪ ಇತ್ತು ಅನ್ನುವುದು ಮರೆತೇಹೋಗಿತ್ತು. ಆ ಕೆಮ್ಮು ಪಕ್ಕದಲ್ಲೇ ಕೆಮ್ಮಿದ ಹಾಗಿತ್ತು.

ಕೊನೆಯಲ್ಲಿ ಗುಜುಗುಜು ಅಂದಿದ್ದೆನಲ್ಲ, ಅದು ಗುಜುಗುಜು ಅಲ್ಲ. ಒಳಗಿನ ರೂಮಿನಿಂದ ಅಮ್ಮ ಮಾತಾಡುತ್ತಿದ್ದಾರೆ. ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ ಕೇಳಿದೆ. ಈಗ ಒಂದೊಂದು ಪದವೂ ಸ್ಪಷ್ಟ.

ಅಮ್ಮ: "ಅದರಲ್ಲೇನ್ರೀ ಅಷ್ಟೊತ್ತಿಂದ ಒತ್ತುತಾ ಇದೀರಾ? ಸುಮ್ನೆ ಫೋನ್ ಮಾಡಬಾರ್ದಾ ಅವಳಿಗೆ?"

ಅಪ್ಪ: "ಬೇಡ ಕಣೇ. ಕೆಲಸದಲ್ಲಿರ್ತಾಳೆ."

ಅಷ್ಟೇ. 19ನೇ ಸೆಕೆಂಡು.

ಅಮ್ಮನನ್ನು ಕೇಳಿದೆ. ಅವರಿಗೆ ನೆನಪೇ ಇಲ್ಲ. ಇವತ್ತು ಇದಕ್ಕಿಂತ ಜಾಸ್ತಿ ಬರೆಯೋಕೆ ಆಗಲ್ಲ.

ನೀಲಿಟಿಕ್ | ಬುಧವಾರ ರಾತ್ರಿ 11:34

ಅಕ್ಕ, ಇದೀನಿ.

ಕಡಲಾಚೆ | ಬುಧವಾರ ರಾತ್ರಿ 11:41

ನಾನೂ ಇದ್ದೇನೆ.

ಹಳೇತಂತಿ | ಗುರುವಾರ ಬೆಳಿಗ್ಗೆ 5:50

ಈಗಷ್ಟೇ ಓದಿದೆ, ತಾಯಿ. ಅಮ್ಮನ ದನಿಯೂ ಆ ಫೈಲಿನಲ್ಲಿ ಇದೆ ಅಂತಾಯಿತು. ಮೂರನೇ ಕಾಪಿ ಒಂದನ್ನು ಅಮ್ಮನ ಫೋನಿಗೆ ಹಾಕಿಕೊಡಿ. ಹೆಡ್‌ಫೋನ್ ಅವರ ಕಿವಿಗೆ ನೀವೇ ಇಡಿ.